ಗೆರೆ ತುಂಬಿದೆ, ನೆಟ್ ಇಲ್ಲ: ಫೋನಿನ ಮೂಲೆಯ ಗುರುತು ನೋಡಿ ದೋಷ ಹುಡುಕುವುದು

ಶಿರಸಿ, ಸಿದ್ದಾಪುರದ ಕಡೆ ನೆಟ್ ನಿಂತರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಟವರ್ ಇಲ್ಲೆ ಮಾರಾಯ." ಎಷ್ಟೋ ಸಲ ಟವರ್ ಇರುತ್ತದೆ. ಕೈಕೊಟ್ಟಿರುವುದು ಬೇರೆ ಏನೋ. ಅದೇನು ಅಂತ ಫೋನು ತನ್ನ ಮೇಲಿನ ಮೂಲೆಯಲ್ಲಿ ತೋರಿಸುತ್ತಲೇ ಇರುತ್ತದೆ, ನಾವು ನೋಡುವುದಿಲ್ಲ ಅಷ್ಟೆ.

ಆ ಮೂಲೆಯಲ್ಲಿ ಮೂರು ಬೇರೆ ಬೇರೆ ಸುದ್ದಿಗಳಿರುತ್ತವೆ. ಏರುತ್ತಾ ಹೋಗುವ ಗೆರೆಗಳು ಟವರಿನ ಸಿಗ್ನಲ್ ಫೋನಿಗೆ ಎಷ್ಟು ಗಟ್ಟಿಯಾಗಿ ಕೇಳಿಸುತ್ತಿದೆ ಎಂದು ಹೇಳುತ್ತವೆ. ಪಕ್ಕದ ಅಕ್ಷರ (ಇ, ಎಚ್, 4ಜಿ) ಯಾವ ಕಾಲದ ನೆಟ್‌ವರ್ಕಿಗೆ ಫೋನು ಅಂಟಿಕೊಂಡಿದೆ ಎಂದು ಹೇಳುತ್ತದೆ. ಸಣ್ಣ ಬಾಣಗಳು ಮತ್ತು ಆಶ್ಚರ್ಯಸೂಚಕ ಚಿಹ್ನೆ ಡೇಟಾ ನಿಜವಾಗಿ ಹೋಗಿ ಬರುತ್ತಿದೆಯೇ ಎಂದು ಹೇಳುತ್ತವೆ. ಗೆರೆ ತುಂಬಿದ್ದು ಅಕ್ಷರ ಇ ಆಗಿರಬಹುದು. 4ಜಿ ಅಂತಿದ್ದು ಒಂದೇ ಗೆರೆ ಇರಬಹುದು. ಎರಡೂ ಚೆನ್ನಾಗಿದ್ದು ಪಕ್ಕದಲ್ಲಿ ಆಶ್ಚರ್ಯಸೂಚಕ ಕೂತಿರಬಹುದು. ಮೂರಕ್ಕೂ ಮದ್ದು ಬೇರೆ. ಇದನ್ನು ನೋಡದೆ ಸಿಮ್ ತೆಗೆದು ಒರೆಸುವುದು, ಫೋನ್ ರೀಸೆಟ್ ಹೊಡೆಯುವುದು ಎಲ್ಲ ಸುಮ್ನೆ ಕೆಲಸ.

ಅಕ್ಷರಗಳ ಲೆಕ್ಕ

ಜಿ ಅಂದರೆ ಜಿಪಿಆರ್‌ಎಸ್, 2ಜಿಯ ಮೊದಲ ಮೆಟ್ಟಿಲು. ಸೆಕೆಂಡಿಗೆ 40-50 ಕಿಲೋಬಿಟ್ ಸಿಕ್ಕರೆ ಪುಣ್ಯ. ಇ ಅಂದರೆ ಎಡ್ಜ್, ಅದೂ 2ಜಿಯೇ. ಕಾಗದದ ಮೇಲೆ 384 ಕಿಲೋಬಿಟ್ ವರೆಗೆ, ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ವಾಟ್ಸಾಪ್‌ನಲ್ಲಿ ಬರೀ ಅಕ್ಷರದ ಮೆಸೇಜು ಹೋಗುತ್ತದೆ, ಫೋಟೋ ಸುತ್ತುತ್ತಾ ಕೂರುತ್ತದೆ. 3ಜಿ, ಎಚ್, ಎಚ್ ಪ್ಲಸ್ ಮೂರೂ ಒಂದೇ ಮನೆತನ. ಎಚ್‌ನಲ್ಲಿ ಗರಿಷ್ಠ 14.4 ಮೆಗಾಬಿಟ್, ಎಚ್ ಪ್ಲಸ್‌ನಲ್ಲಿ 21ರಿಂದ 42. 4ಜಿ ಮತ್ತು ಎಲ್‌ಟಿಇ ಎರಡೂ ಒಂದೇ. ಒಂದು ಕಂಪನಿಯ ಫೋನು ಹಾಗೆ ಬರೆಯುತ್ತದೆ, ಇನ್ನೊಂದು ಹೀಗೆ. 4ಜಿ ಪ್ಲಸ್ ಬಂದರೆ ಫೋನು ಎರಡು ಮೂರು ತರಂಗಗಳನ್ನು ಒಟ್ಟಿಗೆ ಬಳಸುತ್ತಿದೆ ಎಂದರ್ಥ. ವೋಲ್ಟಿ ಎಂಬ ಗುರುತು ಡೇಟಾದ ವೇಗ ಹೇಳುವುದಿಲ್ಲ. ಮಾತಿನ ಕರೆಯೂ 4ಜಿಯಲ್ಲೇ ಹೋಗುತ್ತದೆ ಎಂದು ಮಾತ್ರ ಹೇಳುತ್ತದೆ.

ಒಂದೇ ಜಗುಲಿಯಲ್ಲಿ ಕೂತ ಮೂವರ ಫೋನಿನಲ್ಲಿ ಮೂರು ಅಕ್ಷರ ಬರುವುದಕ್ಕೂ ಕಾರಣವಿದೆ. ಜಿಯೋ 2016ರ ಸೆಪ್ಟೆಂಬರ್ 5ರಂದು ಶುರುವಾದಾಗಲೇ ಬರೀ 4ಜಿ. ಅದಕ್ಕೆ 2ಜಿ, 3ಜಿ ಇಲ್ಲವೇ ಇಲ್ಲ. ಹಾಗಾಗಿ ಆ ಸಿಮ್ಮಿನಲ್ಲಿ 4ಜಿ ಹೋದರೆ ಪೂರ್ತಿ ಖಾಲಿ. ಏರ್‌ಟೆಲ್ 2020ರ ಹೊತ್ತಿಗೆ 3ಜಿ ಮುಚ್ಚಿತು, 2ಜಿ ಇಟ್ಟುಕೊಂಡಿತು. ಅದು 4ಜಿಯಿಂದ ಸೀದಾ ಇ ಗೆ ಬೀಳುತ್ತದೆ. ಎಚ್ ಅಂತ ಕಂಡರೆ ಹಳ್ಳಿ ಕಡೆ ಅದು ಹೆಚ್ಚಾಗಿ ಬಿಎಸ್‌ಎನ್‌ಎಲ್. "ನಿನ್ನದರಲ್ಲಿ ಇ ಆದರೂ ಇದೆ, ನನ್ನದರಲ್ಲಿ ಅದೂ ಇಲ್ಲ, ಫೋನ್ ಹಾಳಾಗಿದೆ" ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು

ಏರೋಪ್ಲೇನ್ ಮೋಡ್ ಹಾಕಿ, ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ಇದು ಮಂತ್ರವಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವಾಗ ಫೋನು ದಾರಿಯುದ್ದಕ್ಕೂ ಸಿಕ್ಕ ಸಿಕ್ಕ ಟವರಿಗೆ ಜೋತುಬೀಳುತ್ತದೆ. ಕಾಡಿನ ನಡುವೆ 2ಜಿ ಮಾತ್ರ ಸಿಕ್ಕಿತು ಎಂದಿಟ್ಟುಕೊಳ್ಳಿ. ಶಿರಸಿ ಪೇಟೆ ಮುಟ್ಟಿದ ಮೇಲೂ ಕೆಲವು ಫೋನುಗಳು ಅದನ್ನೇ ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತವೆ. ಕೊಂಕಣ ರೈಲಿನಲ್ಲಿ ಸುರಂಗದಿಂದ ಹೊರಬಂದಾಗಲೂ ಇದೇ ಕತೆ. ಏರೋಪ್ಲೇನ್ ಮೋಡ್ ತೆಗೆದಾಗ ಫೋನು ಮೊದಲಿನಿಂದ ಹುಡುಕುತ್ತದೆ.

ಆಮೇಲೆ ಪಕ್ಕದವರ ಫೋನ್ ನೋಡಿ. ಅದೇ ಕಂಪನಿಯ ಸಿಮ್ ಇದ್ದವರದ್ದೇ ನೋಡಬೇಕು. ಅವರಿಗೂ ಇಲ್ಲ ಅಂದರೆ ನಿಮ್ಮ ಫೋನಿನ ತಪ್ಪಲ್ಲ, ಸೆಟ್ಟಿಂಗ್ಸ್ ಕೆದಕಬೇಡಿ. ಅವರಿಗೆ 4ಜಿ ಓಡುತ್ತಿದೆ, ನಿಮಗೆ ಮಾತ್ರ ಇಲ್ಲ ಅಂದರೆ ಮುಂದೆ ಓದಿ.

ಇ ಬಿಟ್ಟು ಮೇಲೇಳದ ಫೋನು

ಸಿದ್ದಾಪುರದ ಹತ್ತಿರದ ನಮ್ಮ ಭಾವನೊಬ್ಬ ಅಡಿಕೆ ದರ ನೋಡಲು ಆಗುತ್ತಿಲ್ಲ ಎಂದು ಫೋನ್ ಮಾಡಿದ್ದ.

"ಭಾವಾ, ಮೇಲೆ ಮೂಲೆಲಿ ಎಂತ ಕಾಣ್ತು?"

"ಗೆರೆ ಎಲ್ಲ ತುಂಬಿದ್ದು. ಪಕ್ಕಕ್ಕೆ ಇ ಹೇಳಿ ಇದ್ದು."

ಗೆರೆ ತುಂಬಿದೆ ಅಂದಮೇಲೆ ಸಿಗ್ನಲ್ ಕೊರತೆ ಇಲ್ಲ. ಮನೆಯಲ್ಲಿ ಉಳಿದವರಿಗೆ ಅದೇ ಕಂಪನಿಯ 4ಜಿ ಬರುತ್ತಿತ್ತು. ಹಾಗಾದರೆ ಫೋನೇ 4ಜಿ ಬೇಡ ಅನ್ನುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ತೆರೆದು, ಪ್ರಿಫರ್ಡ್ ನೆಟ್‌ವರ್ಕ್ ಟೈಪ್ ಎಂಬಲ್ಲಿ ನೋಡಲು ಹೇಳಿದೆ. ಅಲ್ಲಿ "2ಜಿ ಮಾತ್ರ" ಎಂದಿತ್ತು. ಬ್ಯಾಟರಿ ಬೇಗ ಇಳಿಯುತ್ತದೆ ಎಂದಾಗ ಯಾರೋ ಹಾಗೆ ಇಟ್ಟುಕೊಟ್ಟಿದ್ದರಂತೆ. 4ಜಿ, 3ಜಿ, 2ಜಿ ಮೂರೂ ಇರುವ ಆಟೋ ಆಯ್ಕೆ ಒತ್ತಿದ ಮೇಲೆ ದರ ಕಂಡಿತು. ದರ ಇಳಿದಿತ್ತು, ಅದಕ್ಕೆ ನನ್ನ ಹತ್ತಿರ ಮದ್ದಿರಲಿಲ್ಲ.

ಸ್ಯಾಮ್‌ಸಂಗ್‌ನಲ್ಲಿ ಇದೇ ಜಾಗದ ಹೆಸರು ನೆಟ್‌ವರ್ಕ್ ಮೋಡ್. ಐಫೋನಿನಲ್ಲಿ ವಾಯ್ಸ್ ಆ್ಯಂಡ್ ಡೇಟಾ. ಇದರ ತದ್ವಿರುದ್ಧ ದೋಷವೂ ಇದೆ. ಹೊಸ ಆ್ಯಂಡ್ರಾಯ್ಡ್‌ಗಳಲ್ಲಿ "ಅಲೋ 2ಜಿ" ಎಂಬ ಒಂದು ಗುಂಡಿ ಇರುತ್ತದೆ, ಸುರಕ್ಷತೆಗೆ ಒಳ್ಳೆಯದೆಂದು ಕೆಲವರು ಆಫ್ ಮಾಡುತ್ತಾರೆ. ಪೇಟೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಅರಬೈಲ್ ಘಟ್ಟದಲ್ಲೋ ಅಣಶಿ ಘಟ್ಟದಲ್ಲೋ ಉಳಿದವರ ಫೋನಿನಲ್ಲಿ ಇ ಇದ್ದು ಮಾತಾಡಲು ಬರುತ್ತಿರುವಾಗ ಇವರದ್ದು ಮಾತ್ರ "ನೋ ಸರ್ವಿಸ್". ಘಟ್ಟದ ದಾರಿಯಲ್ಲಿ ಓಡಾಡುವವರು ಅದನ್ನು ಆನ್ ಇಡುವುದೇ ಲೇಸು.

ಮೋಡ್ ಸರಿ ಇದ್ದೂ ಇ ಹೋಗದಿದ್ದರೆ ಮೂರು ಅನುಮಾನ ಉಳಿಯುತ್ತವೆ. ಮೊದಲನೆಯದು ಸಿಮ್ ಕೂತ ಜಾಗ. ಹಳೆಯ ಎರಡು ಸಿಮ್ಮಿನ ಫೋನುಗಳಲ್ಲಿ ಒಂದು ಜಾಗಕ್ಕೆ ಮಾತ್ರ 4ಜಿ, ಇನ್ನೊಂದಕ್ಕೆ 2ಜಿಯಷ್ಟೇ. ಸಿಮ್ ಅದಲು ಬದಲು ಮಾಡಿದರೆ ತಿಳಿಯುತ್ತದೆ.

ಎರಡನೆಯದು ಸಿಮ್ಮಿನ ವಯಸ್ಸು. ಹತ್ತು ಹದಿನೈದು ವರ್ಷದ ಸಿಮ್ ಅನ್ನೇ ಕತ್ತರಿಸಿ ಹೊಸ ಫೋನಿಗೆ ಹಾಕಿಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅಲ್ವಾ? ಆ ಸಿಮ್ 4ಜಿ ಹಿಡಿಯದು. ಕಂಪನಿಯ ಕಚೇರಿಗೆ ಆಧಾರ್ ಮತ್ತು ಫೋನ್ ಒಯ್ದರೆ ಅದೇ ನಂಬರಿಗೆ 4ಜಿ ಸಿಮ್ ಕೊಡುತ್ತಾರೆ. ಒಂದು ಎಚ್ಚರ: ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಆ ದಿನ ಬ್ಯಾಂಕಿನ ಓಟಿಪಿ ಬೇಕಾಗುವ ಕೆಲಸ ಇಟ್ಟುಕೊಳ್ಳಬೇಡಿ.

ಮೂರನೆಯದು ಹೆಚ್ಚಿನವರಿಗೆ ಹೊಳೆಯುವುದಿಲ್ಲ: ಫೋನಿಗೆ ಆ ತರಂಗವೇ ಕೇಳಿಸದಿರುವುದು. 4ಜಿ ಎಂದರೆ ಒಂದೇ ತರಂಗವಲ್ಲ, ಬ್ಯಾಂಡುಗಳು ಹಲವು. ಬಿಎಸ್‌ಎನ್‌ಎಲ್‌ನ ದೇಶೀ 4ಜಿ 2025ರ ಸೆಪ್ಟೆಂಬರ್ 27ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ಅದು 2100 ಮೆಗಾಹರ್ಟ್ಸ್ ಜೊತೆಗೆ 700 ಮೆಗಾಹರ್ಟ್ಸ್ ಕೂಡ ಬಳಸುತ್ತದೆ. 700ರದ್ದು ಬ್ಯಾಂಡ್ 28. ಕಾಡು ಗುಡ್ಡಕ್ಕೆ ಹೇಳಿ ಮಾಡಿಸಿದ ತರಂಗ, ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಹಳೆಯ 4ಜಿ ಫೋನುಗಳಲ್ಲಿ ಬ್ಯಾಂಡ್ 28 ಇಲ್ಲದಿರುವುದೇ ಜಾಸ್ತಿ. ಊರಿಗೆ ಹೊಸ ಟವರ್ ಬಂತು, ಪಕ್ಕದ ಮನೆಗೆ 4ಜಿ ಬಂತು, ನಮಗೆ ಮಾತ್ರ ಎಚ್ ಅಥವಾ ಇ ಅನ್ನುವವರು ತಮ್ಮ ಫೋನಿನ ಮಾಡೆಲ್ ಹೆಸರು ಹುಡುಕಿ ಬ್ಯಾಂಡ್ ಪಟ್ಟಿಯಲ್ಲಿ 28 ಇದೆಯೇ ನೋಡಿ. ಇಲ್ಲದಿದ್ದರೆ ಯಾವ ಸೆಟ್ಟಿಂಗ್ಸ್‌ನಿಂದಲೂ ಅದು ಬಾರದು.

4ಜಿ ಇದೆ, ಗೆರೆ ಇದೆ, ಪಕ್ಕದಲ್ಲಿ ಆಶ್ಚರ್ಯಸೂಚಕ

ಆ್ಯಂಡ್ರಾಯ್ಡ್ ಫೋನು ನೆಟ್‌ವರ್ಕಿಗೆ ಸೇರಿದ ಕೂಡಲೇ ಗೂಗಲ್‌ನ ಒಂದು ಸಣ್ಣ ವಿಳಾಸಕ್ಕೆ ಹೋಗಿ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ. ಬರದಿದ್ದರೆ ಆಶ್ಚರ್ಯಸೂಚಕ ಅಥವಾ ಸಣ್ಣ ಗುಣಾಕಾರ ಚಿಹ್ನೆ ಹಾಕುತ್ತದೆ. ಅಂದರೆ ಟವರಿನ ತನಕ ದಾರಿ ಸರಿ ಇದೆ, ಅದರಾಚೆ ಎಲ್ಲೋ ಕಟ್ಟಾಗಿದೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ದೊಡ್ಡ ಕಾರಣ ನೆಲದೊಳಗಿನ ಕೇಬಲ್. ಟವರ್ ತಾನಾಗಿ ಇಂಟರ್ನೆಟ್ ಹುಟ್ಟಿಸುವುದಿಲ್ಲ. ಅದಕ್ಕೆ ಫೈಬರ್ ಕೇಬಲ್ ಅಥವಾ ಇನ್ನೊಂದು ಟವರಿನಿಂದ ಬರುವ ಮೈಕ್ರೋವೇವ್ ಕೊಂಡಿ ಬೇಕು. ರಸ್ತೆ ಬದಿ ಅಗೆಯುವಾಗ ಜೆಸಿಬಿ ಹಲ್ಲಿಗೆ ಫೈಬರ್ ಸಿಕ್ಕರೆ ಟವರ್ ನಿಂತೇ ಇರುತ್ತದೆ, ಸಿಗ್ನಲ್ ಬಿಡುತ್ತಲೇ ಇರುತ್ತದೆ, ಗೆರೆ ತುಂಬಿಯೇ ಇರುತ್ತದೆ. ಡೇಟಾ ಮಾತ್ರ ಇಲ್ಲ. ಆಷಾಢದ ಜಡಿಮಳೆಯಲ್ಲಿ ಮೈಕ್ರೋವೇವ್ ಕೊಂಡಿಯೂ ಸೋಲುತ್ತದೆ, ಮಳೆಹನಿ ಅದನ್ನು ಹೀರುತ್ತದೆ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ಲಕ್ಷಣ ಬೇರೆ. ಆಗ ಗೆರೆಗಳೇ ಇಳಿಯುತ್ತವೆ, ಇಲ್ಲವೇ ದೂರದ ಟವರಿನ ಇ ಕಾಣಿಸಿಕೊಳ್ಳುತ್ತದೆ. ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ದೂರು ಕೊಡುವಾಗ ಅನುಕೂಲ.

ಪಕ್ಕದವರಿಗೆ ಸರಿ ಇದ್ದು ನಿಮಗೆ ಮಾತ್ರ ಹೀಗಾದರೆ ಮೊದಲು ರೀಚಾರ್ಜ್ ನೋಡಿ. ನಗಬೇಡಿ. ದಿನದ ಡೇಟಾ ಮುಗಿದ ಮೇಲೆ ಹಲವು ಪ್ಯಾಕುಗಳಲ್ಲಿ ವೇಗ 64 ಕಿಲೋಬಿಟ್‌ಗೆ ಇಳಿಯುತ್ತದೆ. ಮೂಲೆಯಲ್ಲಿ 4ಜಿ ಹಾಗೇ ಇರುತ್ತದೆ, ಆಶ್ಚರ್ಯಸೂಚಕವೂ ಬರದಿರಬಹುದು, ಆದರೆ ಅನುಭವ ಪೂರ್ತಿ ಜಿ ಕಾಲದ್ದು. ಸಂಜೆ ಹೊತ್ತಿಗೆ ನೆಟ್ ನಿಧಾನ, ಬೆಳಿಗ್ಗೆ ಎದ್ದಾಗ ಸರಿ ಅನ್ನುವವರು ಟವರ್ ಮೇಲೆ ಅನುಮಾನ ಪಡುವ ಮೊದಲು ಕಂಪನಿಯ ಆ್ಯಪ್‌ನಲ್ಲಿ ಉಳಿದ ಡೇಟಾ ನೋಡಲಿ.

ಅದೂ ಸರಿ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ನೋಡಿ. ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಅದು. ಜಾಹೀರಾತು ತಡೆಯಲು ಎಂದೋ ಅಲ್ಲಿ ಏನೋ ಬರೆದು ಮರೆತಿರುತ್ತಾರೆ. ಅದನ್ನು ಆಟೋಮ್ಯಾಟಿಕ್ ಮಾಡಿ. ಡೇಟಾವನ್ನು ಬೇರೆ ಕಂಪ್ಯೂಟರಿನ ಮೂಲಕ ಸುತ್ತಿಸುವ ವಿಪಿಎನ್ ಇದ್ದರೆ ಆಫ್ ಮಾಡಿ. ದಿನಾಂಕ, ಸಮಯ ತಪ್ಪಿದ್ದರೂ ಅರ್ಧಕ್ಕರ್ಧ ವೆಬ್‌ಸೈಟ್ ತೆರೆಯುವುದಿಲ್ಲ. ಕೊನೆಗೆ ಎಪಿಎನ್ (ಕಂಪನಿಯ ಇಂಟರ್ನೆಟ್‌ಗೆ ಫೋನು ಒಳಹೊಗುವ ಬಾಗಿಲಿನ ಹೆಸರು) ಪುಟಕ್ಕೆ ಹೋಗಿ ರೀಸೆಟ್ ಟು ಡಿಫಾಲ್ಟ್ ಒತ್ತಿ. ಸಿಮ್ ಬೇರೆ ಕಂಪನಿಗೆ ಪೋರ್ಟ್ ಮಾಡಿದವರಲ್ಲಿ ಹಳೆ ಕಂಪನಿಯ ಎಪಿಎನ್ ಉಳಿದುಬಿಟ್ಟಿರುವುದುಂಟು.

ಬಾಣಗಳನ್ನೂ ನೋಡಿ. ಮೇಲ್ಮುಖದ್ದು ಫೋನಿನಿಂದ ಹೋಗುವ ಡೇಟಾ, ಕೆಳಮುಖದ್ದು ಬರುವ ಡೇಟಾ. ಮೇಲಿನದು ಮಾತ್ರ ಮಿಣಮಿಣ ಅನ್ನುತ್ತಿದ್ದರೆ ಫೋನು ಕೇಳುತ್ತಿದೆ, ಯಾರೂ ಓಗೊಡುತ್ತಿಲ್ಲ. ಟವರು ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ, 4ಜಿ ಫೋನಿನ ಗರಿಷ್ಠ ಬಲ ಸುಮಾರು 0.2 ವ್ಯಾಟ್. ಅದರ ಕೂಗು ನಮಗೆ ಕೇಳುತ್ತದೆ, ನಮ್ಮದು ಅದಕ್ಕೆ ಕೇಳುವುದಿಲ್ಲ. ಗೆರೆಗಳು ಲೆಕ್ಕ ಹಾಕುವುದು ಟವರಿನ ಕೂಗನ್ನು ಮಾತ್ರ. ಗುಡ್ಡದ ಅಂಚಿನ ಮನೆಗಳಲ್ಲಿ ಎರಡು ಗೆರೆ ಇದ್ದೂ ಫೋಟೋ ಕಳಿಸಲು ಆಗದಿರುವುದು ಇದರಿಂದಲೇ.

ಮಾಜಾಳಿಯಲ್ಲಿ ಆರ್

ಕಾರವಾರದವರಿಗೆ ಇದು ಗೊತ್ತು. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಕಡೆ ಹೋದಂತೆ ಮೂಲೆಯಲ್ಲಿ ಆರ್ ಮೂಡಬಹುದು. ಆರ್ ಅಂದರೆ ರೋಮಿಂಗ್. ನೀವು ಗೋವಾ ಗಡಿ ದಾಟಿಲ್ಲ, ನಿಮ್ಮ ಫೋನು ದಾಟಿದೆ. ಗೋವಾ ದೂರಸಂಪರ್ಕದ ಲೆಕ್ಕದಲ್ಲಿ ಮಹಾರಾಷ್ಟ್ರ ವೃತ್ತಕ್ಕೆ (ಸರ್ಕಲ್, ಅಂದರೆ ಮೊಬೈಲ್ ಸೇವೆಗೆ ಮಾಡಿದ ವಿಭಾಗ) ಸೇರುತ್ತದೆ, ನಾವು ಕರ್ನಾಟಕ ವೃತ್ತ. ಆಚೆ ಕಡೆಯ ಟವರ್ ಗಟ್ಟಿ ಕೇಳಿಸಿದರೆ ಫೋನು ಅದನ್ನೇ ಹಿಡಿಯುತ್ತದೆ. ಡೇಟಾ ರೋಮಿಂಗ್ ಆಫ್ ಇದ್ದರೆ ಗೆರೆ, 4ಜಿ ಎಲ್ಲ ಇದ್ದು ನೆಟ್ ಮಾತ್ರ ನಿಲ್ಲುತ್ತದೆ. ಆನ್ ಮಾಡಿದರೆ ಸರಿಯಾಗುತ್ತದೆ. ದೇಶದೊಳಗೆ ಈಗಿನ ಸಾಮಾನ್ಯ ಪ್ಯಾಕುಗಳಲ್ಲಿ ಇದಕ್ಕೆ ಬೇರೆ ದುಡ್ಡಿಲ್ಲ. ವಿದೇಶಕ್ಕೆ ಹೋಗುವಾಗ ಮಾತ್ರ ಮರೆಯದೆ ಆಫ್ ಮಾಡಿ. ಕೆಲವು ಫೋನು ಸ್ವಂತ ಕಂಪನಿಯದ್ದೇ ಬೇರೆ ವೃತ್ತವಾದರೆ ಆರ್ ತೋರಿಸುವುದೇ ಇಲ್ಲ, ಅದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ.

ಜೋಯಿಡಾ ಕಡೆ ಇನ್ನೊಂದು ಬಗೆಯ ಆರ್ ಕಾಣಬಹುದು. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಎದ್ದ 4ಜಿ ಟವರುಗಳಲ್ಲಿ ಬೇರೆ ಕಂಪನಿಯವರಿಗೂ ಜಾಗ ಕೊಡುವ ವ್ಯವಸ್ಥೆಗೆ 2025ರ ಜನವರಿ 17ರಂದು ಚಾಲನೆ ಸಿಕ್ಕಿತು. ಹಾಗೆ ಸೇರಿಕೊಂಡಾಗ ಮೂಲೆಯಲ್ಲಿ ಬೇರೆ ಕಂಪನಿಯ ಹೆಸರು ಬಂದರೂ ಆಶ್ಚರ್ಯವಿಲ್ಲ. ಇಲ್ಲೂ ಡೇಟಾ ರೋಮಿಂಗ್ ಆನ್ ಇರಬೇಕು. ನೆಟ್‌ವರ್ಕ್ ಆಪರೇಟರ್ ಆಯ್ಕೆ ಆಟೋಮ್ಯಾಟಿಕ್‌ನಲ್ಲಿರಬೇಕು.

"ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಬಂದರೆ ಅಲ್ಲಿ ಯಾವುದೋ ಕಂಪನಿಯ ಟವರ್ ಇದೆ, ನಿಮ್ಮದಲ್ಲ, ಅಥವಾ ನಿಮ್ಮ ಸಿಮ್ ಅನ್ನು ಅದು ಒಪ್ಪಿಲ್ಲ. ಆಗಲೂ 112ಕ್ಕೆ ಕರೆ ಹೋಗುತ್ತದೆ.

ಸಮುದ್ರದ ಮೇಲಿನ ಲೆಕ್ಕ ಬೇರೆ. ಬೈತಖೋಲ, ತದಡಿಯ ಬೋಟಿನವರಿಗೆ ನಡುವೆ ಗುಡ್ಡ, ಮರ ಏನೂ ಅಡ್ಡವಿಲ್ಲ, ಸಿಗ್ನಲ್ ದೂರದವರೆಗೆ ಕೇಳಿಸುತ್ತದೆ. ಆದರೆ ಮಾಮೂಲಿ 2ಜಿಗೆ ಸುಮಾರು 35 ಕಿಲೋಮೀಟರಿನ ಬೇಲಿ ಇದೆ. ಒಂದೊಂದು ಫೋನಿಗೂ ಟವರ್ ಕೊಡುವ ಸಮಯ ತೀರಾ ಚಿಕ್ಕದು. ಅದಕ್ಕಿಂತ ದೂರದಿಂದ ಹೊರಟ ಉತ್ತರ ಆ ಸಮಯ ಮುಗಿದ ಮೇಲೆ ಬಂದು ಮುಟ್ಟುತ್ತದೆ. ಹಾಗಾಗಿ ಗೆರೆ ಕಂಡರೂ ಕರೆ ಹತ್ತದಿರಬಹುದು. ಅಲ್ಲಿಂದಾಚೆಗೆ ಬೋಟಿನ ವೈರ್‌ಲೆಸ್ ಸೆಟ್ಟೇ ಗತಿ.

ಕರೆ ಬಂದ ಕೂಡಲೇ ನೆಟ್ ಮಾಯ

ಮಾತಾಡುತ್ತಿದ್ದಾಗ 4ಜಿ ಹೋಗಿ ಇ ಬಂದು, ಫೋನ್ ಇಟ್ಟ ಮೇಲೆ ಮತ್ತೆ 4ಜಿ ಬರುತ್ತದೆಯೇ? ವೋಲ್ಟಿ ಆಫ್ ಇದೆ, ಅಥವಾ ನಿಮ್ಮ ಫೋನಿಗೆ ಅದಿಲ್ಲ. ಕರೆಗಾಗಿ ಫೋನು 2ಜಿಗೆ ಇಳಿಯುತ್ತದೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಅಥವಾ 4ಜಿ ಕಾಲಿಂಗ್ ಆನ್ ಮಾಡಿ. ಎರಡು ಸಿಮ್ ಇದ್ದು, ಒಂದರಲ್ಲಿ ಮಾತಾಡುವಾಗ ಇನ್ನೊಂದರ ಡೇಟಾ ನಿಂತರೆ ಅದು ದೋಷವಲ್ಲ. ಹೆಚ್ಚಿನ ಫೋನುಗಳಲ್ಲಿ ಎರಡು ಸಿಮ್ಮಿಗೂ ಸೇರಿ ಒಂದೇ ರೇಡಿಯೋ.

5ಜಿ ಅಂತಿದೆ, ವೇಗ ಮಾತ್ರ ಹಳೆಯದೇ

5ಜಿ ನಮ್ಮ ದೇಶಕ್ಕೆ ಬಂದಿದ್ದು 2022ರ ಅಕ್ಟೋಬರ್ 1ರಂದು. ಈ ಗುರುತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕೆಲವು ಕಡೆ 5ಜಿ, 4ಜಿಯ ಹೆಗಲ ಮೇಲೆ ಕೂತು ಕೆಲಸ ಮಾಡುತ್ತದೆ. ಅಲ್ಲಿ 4ಜಿ ಟವರು "ಇಲ್ಲಿ 5ಜಿಯೂ ಉಂಟು" ಎಂದು ಸಾರಿದರೆ ಸಾಕು, ಎಷ್ಟೋ ಫೋನುಗಳು ಮೂಲೆಯಲ್ಲಿ 5ಜಿ ಎಂದು ಬರೆದುಬಿಡುತ್ತವೆ. ನಿಜವಾಗಿ 5ಜಿಯಲ್ಲಿ ಒಂದು ಅಕ್ಷರವೂ ಹೋಗಿರುವುದಿಲ್ಲ. 3500 ಮೆಗಾಹರ್ಟ್ಸ್‌ನ 5ಜಿ ಚಿರೆಕಲ್ಲಿನ ಗೋಡೆ ದಾಟಲು ಒದ್ದಾಡುತ್ತದೆ. ಮನೆಯೊಳಗೆ 5ಜಿ, 4ಜಿ ನಡುವೆ ಫೋನು ಹಾರುತ್ತಾ ಬ್ಯಾಟರಿ ತಿನ್ನುತ್ತಿದ್ದರೆ ನೆಟ್‌ವರ್ಕ್ ಟೈಪ್ ಅನ್ನು 4ಜಿಗೆ ಇಡಿ. ಅಂಥ ಕಡೆ ವೇಗದಲ್ಲಿ ದೊಡ್ಡ ನಷ್ಟವೇನೂ ಇಲ್ಲ.

ಗೆರೆ ಬಿಡಿ, ಅಂಕಿ ನೋಡಿ

ನಾಲ್ಕು ಗೆರೆ ಅಂದರೆ ಇಷ್ಟೇ ಸಿಗ್ನಲ್ ಎಂಬ ನಿಯಮ ಇಲ್ಲ. ಒಬ್ಬೊಬ್ಬ ತಯಾರಕನದ್ದು ಒಂದೊಂದು ಲೆಕ್ಕ. ನಿಜ ತಿಳಿಯಲು ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ತೆರೆದು ಸಿಗ್ನಲ್ ಸ್ಟ್ರೆಂತ್ ನೋಡಿ. ಹಲವು ಆ್ಯಂಡ್ರಾಯ್ಡ್‌ಗಳಲ್ಲಿ *#*#4636#*#* ಒತ್ತಿದರೂ ಸಿಗುತ್ತದೆ, ಐಫೋನಿನಲ್ಲಿ *3001#12345#* ಡಯಲ್ ಮಾಡಬೇಕು. ಅಂಕಿ ಮೈನಸ್‌ನಲ್ಲಿ ಇರುತ್ತದೆ, ಡಿಬಿಎಂ ಎಂಬ ಅಳತೆಯಲ್ಲಿ. 4ಜಿಯಲ್ಲಿ -90 ಆಸುಪಾಸು ಚೆನ್ನ, -105 ಸಾಧಾರಣ, -115 ದಾಟಿದರೆ ಒದ್ದಾಟ, -120ರ ಹತ್ತಿರ ಆಸೆ ಬಿಡಿ. ಹತ್ತು ಅಂಕಿ ಇಳಿದರೆ ಬಲ ಹತ್ತರಲ್ಲೊಂದು ಪಾಲಾಯಿತು ಎಂದು ತಿಳಿಯಿರಿ.

ಫೋನ್ ಹಿಡಿದು ಮನೆ ಸುತ್ತಿ. ಜಗುಲಿಯಲ್ಲಿ -98 ಇದ್ದದ್ದು ನಡುಮನೆಗೆ ಬರುವಾಗ -107, ಅಡುಗೆಮನೆಯಲ್ಲಿ -118 ಆಗುವುದನ್ನು ಕಣ್ಣಾರೆ ಕಾಣಬಹುದು. ಅಂಕಿ ತಟ್ಟನೆ ಬದಲಾಗದು, ಒಂದೊಂದು ಕಡೆ ಅರ್ಧ ನಿಮಿಷ ನಿಲ್ಲಿ. ದಪ್ಪ ಗೋಡೆ, ಅಂಗಳಕ್ಕೆ ಹೊದಿಸಿದ ತಗಡಿನ ಶೀಟು, ಮಳೆಗಾಲದಲ್ಲಿ ನೆನೆದ ತೋಟದ ಸೊಪ್ಪು ಎಲ್ಲವೂ ಸಿಗ್ನಲ್ ತಿನ್ನುತ್ತವೆ. ಆನ್‌ಲೈನ್ ಕ್ಲಾಸಿಗೋ ಮನೆಯಿಂದ ಕೆಲಸಕ್ಕೋ ಕೂರುವ ಜಾಗವನ್ನು ಈ ಅಂಕಿ ನೋಡಿ ಆರಿಸಿ. ಮನೆಗೆ ಫೈಬರ್ ಬ್ರಾಡ್‌ಬ್ಯಾಂಡ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಮೂಲೆಯಲ್ಲಿ ವೋವೈಫೈ ಎಂದು ಬಂದರೆ ಟವರ್ ಕೇಳಿಸದ ಅಡುಗೆಮನೆಯಲ್ಲೂ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು.

ದೂರು ಕೊಡುವಾಗ

ಸರ್ಕಾರದ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಸುತ್ತ ಯಾವ ಕಂಪನಿಯ ಟವರ್ ಎಲ್ಲಿದೆ, ಅದರಲ್ಲಿ 2ಜಿಯೋ 4ಜಿಯೋ ಎಂದು ನೋಡಬಹುದು. ಅದನ್ನು ನೋಡಿಕೊಂಡು ನಿಮ್ಮ ಕಂಪನಿಯ ದೂರು ನಂಬರ್ 198ಕ್ಕೆ ಕರೆ ಮಾಡಿ. "ನೆಟ್ ಬರ್ತಿಲ್ಲ" ಎಂದರೆ ಅವರು ಫೋನ್ ಆಫ್ ಮಾಡಿ ಆನ್ ಮಾಡಲು ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. "ನಿನ್ನೆ ಮಧ್ಯಾಹ್ನದಿಂದ 4ಜಿ ಗೆರೆ ತುಂಬಿದೆ, -92 ಇದೆ, ಆಶ್ಚರ್ಯಸೂಚಕ ಬರುತ್ತಿದೆ, ಊರಿನ ಎಲ್ಲರಿಗೂ ಹೀಗೇ ಇದೆ" ಎಂದರೆ ಟವರಿನಾಚೆಯ ಕೇಬಲ್ ನೋಡಬೇಕು ಎಂದು ಅವರಿಗೂ ತಿಳಿಯುತ್ತದೆ. ಅವರು ಕೊಡುವ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ತೃಪ್ತಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ನಂಬರ್ ಬೇಕೇ ಬೇಕು.